ಮನೆಯಿಂದ ವ್ಯಾಪಾರ: ಲೆಕ್ಕಕ್ಕೆ ಬಾರದ ಬಾಡಿಗೆ

ಮನೆಯಿಂದ ವ್ಯಾಪಾರ ಶುರು ಮಾಡುವವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ, ಅಂಗಡಿಗಿಂತ ಬೆಲೆ ಇಳಿಸುವುದು. "ನಂಗೇನು ಬಾಡಿಗೆ ಇಲ್ಲ, ಕೆಲಸದವರಿಲ್ಲ, ಎರಡು ರೂಪಾಯಿ ಕಡಿಮೆಗೇ ಕೊಡ್ತೀನಿ" ಅನ್ನುವ ಮಾತನ್ನು ಹುಬ್ಬಳ್ಳಿಯಲ್ಲಿ ರೊಟ್ಟಿ ಮಾಡುವವರೂ ಹೇಳುತ್ತಾರೆ, ಬೆಂಗಳೂರಿನಲ್ಲಿ ಕೇಕ್ ಮಾಡುವವರೂ ಹೇಳುತ್ತಾರೆ. ಕೇಳೋಕೆ ನ್ಯಾಯವಾಗಿಯೇ ಇದೆ. ಆದರೆ ಎಷ್ಟೋ ಮನೆ ವ್ಯಾಪಾರಗಳು ವರ್ಷಗಟ್ಟಲೆ ನಡೆದರೂ ಅಡುಗೆಮನೆಯ ಬಾಗಿಲು ದಾಟುವುದಿಲ್ಲ. ಗಿರಾಕಿ ಇದ್ದಾರೆ, ಕೈಯಲ್ಲಿ ಕೆಲಸ ಇದೆ, ಹೆಸರೂ ಇದೆ. ಆದರೂ ಬೆಳೆಯುವುದಿಲ್ಲ. ಇದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಆ ಎರಡು ರೂಪಾಯಿ ಅನ್ನುವುದು ನನ್ನ ನಂಬಿಕೆ.

ಬಾಡಿಗೆ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಬಾಡಿಗೆಯನ್ನು ಮನೆಯವರು ಕಟ್ಟುತ್ತಿದ್ದಾರೆ, ವ್ಯಾಪಾರ ಕಟ್ಟುತ್ತಿಲ್ಲ. ಗ್ಯಾಸು, ಕರೆಂಟು, ನೀರು, ಅತ್ತೆಯೋ ಅಮ್ಮನೋ ಕೊಡುವ ಮೂರು ಗಂಟೆ, ಮಗಳು ಶಾಲೆಯಿಂದ ಬಂದು ಪ್ಯಾಕ್ ಮಾಡುವ ಹೊತ್ತು, ಇವೆಲ್ಲ ಖರ್ಚೇ. ಯಾರೂ ಬರೆದಿಟ್ಟಿಲ್ಲ ಅಷ್ಟೇ. ಬರೆಯದ ಖರ್ಚು ಬೆಲೆಯೊಳಗೆ ಸೇರುವುದಿಲ್ಲ. ಬೆಲೆಯೊಳಗೆ ಸೇರದ ಖರ್ಚನ್ನು ಮುಂದೆ ಯಾವತ್ತೋ ನಿಜವಾಗಿ ಕೊಡಬೇಕಾಗಿ ಬಂದಾಗ ವ್ಯಾಪಾರ ತಡೆಯುವುದಿಲ್ಲ.

ಮನೆಯೊಳಗಿನ ದುಡಿಮೆ ನಮಗೆ ಹೊಸದೇನಲ್ಲ. ಇಳಕಲ್‌ನಲ್ಲಿ, ಮೊಳಕಾಲ್ಮೂರಿನಲ್ಲಿ ಮಗ್ಗದ ಗುಂಡಿ ಇರುವುದೇ ಮನೆಯ ಪಡಸಾಲೆಯಲ್ಲಿ. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಲಗುವ ಕೋಣೆಯ ಪಕ್ಕದಲ್ಲೇ ಪವರ್‌ಲೂಮ್ ಸದ್ದು ಮಾಡುತ್ತದೆ. ದಕ್ಷಿಣ ಕನ್ನಡದ ಸಾವಿರಾರು ಮನೆಗಳು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿವೆ. ಹೊಸದು ಅಂದರೆ ಮಾರುವ ದಾರಿ. ಮೊದಲು ಮನೆಯಲ್ಲಿ ಮಾಡಿದ್ದನ್ನು ಮಧ್ಯವರ್ತಿ ಒಯ್ಯುತ್ತಿದ್ದ. ಈಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕಿದರೆ ಆರ್ಡರ್ ಬರುತ್ತದೆ, 2016ರಲ್ಲಿ ಶುರುವಾದ ಯುಪಿಐನಿಂದ ದುಡ್ಡು ಬರುತ್ತದೆ, ಕೊರಿಯರ್ ಹುಡುಗ ಬಾಗಿಲಿಗೇ ಬಂದು ಪಾರ್ಸೆಲ್ ತಗೊಂಡು ಹೋಗುತ್ತಾನೆ. ಕೇಂದ್ರ ಸರ್ಕಾರದ 2023-24ರ ಸಮೀಕ್ಷೆ ದೇಶದಲ್ಲಿ ಮನೆ, ಅಂಗಡಿ ಎಲ್ಲ ಸೇರಿ ಕೃಷಿಯೇತರ ಅಸಂಘಟಿತ ಉದ್ಯಮಗಳ ಸಂಖ್ಯೆ 7.34 ಕೋಟಿ ಅನ್ನುತ್ತದೆ. ಅದರಲ್ಲಿ ಒಬ್ಬರೇ ಮಾಲೀಕರಿರುವ ಉದ್ಯಮಗಳ ಪೈಕಿ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಹೆಂಗಸರದು.

ಲೆಕ್ಕ ಸರಿಯಾಗಿ ಅರ್ಥವಾಗಬೇಕಾದರೆ ಒಂದೇ ವ್ಯಾಪಾರವನ್ನು ಹಿಡಿದು ನೋಡಬೇಕು. ಜೋಳದ ರೊಟ್ಟಿಯನ್ನೇ ತಗೊಳ್ಳೋಣ.

ರೊಟ್ಟಿ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ಚಪಾತಿ ಲಟ್ಟಿಸಿದ ಹಾಗಲ್ಲ. ಜೋಳದ ಹಿಟ್ಟಿಗೆ ಗೋಧಿಯ ಹಿಟ್ಟಿನಂಥ ಅಂಟು ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ನಾದಬೇಕು. ಅಂಗೈ ಕೆಂಪಾಗುತ್ತದೆ. ಸರಿಯಾಗಿ ನಾದದಿದ್ದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಬಡಿದ ರೊಟ್ಟಿಯನ್ನು ಹರಿಯದಂತೆ ಎತ್ತಿ ಹೆಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ಹೊತ್ತು ನೋಡಿ ತಿರುವಬೇಕು. ಮೆತ್ತನೆಯ ರೊಟ್ಟಿ ಅವತ್ತೇ ಮಾರಾಟ ಆಗಬೇಕು. ಖಡಕ್ ರೊಟ್ಟಿ ಆದರೆ ಇನ್ನೊಂದಷ್ಟು ಹೊತ್ತು ಬೆಂಕಿಯ ಪಕ್ಕ ನಿಲ್ಲಿಸಿ ಪೂರ್ತಿ ಒಣಗಿಸಬೇಕು. ಚೂರು ಪಸೆ ಉಳಿದರೂ ಪ್ಯಾಕೆಟ್ಟಿನೊಳಗೆ ಬೂಸ್ಟು ಬರುತ್ತದೆ. ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ, ಹೊರಗೇ 40 ಡಿಗ್ರಿ ದಾಟಿರುವಾಗ, ಎರಡು ಹೆಂಚಿನ ಮುಂದೆ ಆರು ಗಂಟೆ ಕೂರುವುದು ಅಂದರೆ ಏನು ಅಂತ ಊಹಿಸಿ.

ಈಗ ಲೆಕ್ಕ. ಇಲ್ಲಿರುವ ಅಂಕಿಗಳು ಉದಾಹರಣೆಗೆ ಹಿಡಿದವು. ನಿಮ್ಮ ಊರಿನ ದರ ಹಾಕಿಕೊಂಡು ನೋಡಿ.

ದಿನಕ್ಕೆ 200 ರೊಟ್ಟಿ, ಒಂದಕ್ಕೆ 10 ರೂಪಾಯಿ. ಕೈಗೆ ಬಂದದ್ದು 2,000. ಹಿಟ್ಟಿಗೆ, ಬೀಸಿದ ಖರ್ಚೂ ಸೇರಿ, 720. ಗ್ಯಾಸಿಗೆ 150. ಕವರು, ಲೇಬಲ್ಲು, ಆಟೊ ಅಂತ 130. ಒಟ್ಟು ಸಾವಿರ ಹೋಯಿತು, ಸಾವಿರ ಉಳಿಯಿತು. ತಿಂಗಳಿಗೆ 25 ದಿನ ಮಾಡಿದರೆ 25,000. ಮನೆಯಲ್ಲೇ ಕೂತು ಇಷ್ಟು ಬಂದರೆ ಸಾಕಲ್ವಾ ಅನಿಸುತ್ತದೆ. ಹೆಚ್ಚಿನವರ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಇನ್ನು ಬರೆಯದೇ ಬಿಟ್ಟದ್ದನ್ನು ಬರೆಯೋಣ. ರೊಟ್ಟಿ ಮಾಡುವ, ಒಣಗಿಸುವ, ಪೇರಿಸಿಡುವ ಜಾಗ ಒಂದು ಕೋಣೆಯಷ್ಟಾದರೂ ಬೇಕು. ಅಂಥ ಕೋಣೆಗೆ ಹೊರಗೆ ತಿಂಗಳಿಗೆ 4,000 ಬಾಡಿಗೆ ಅಂದುಕೊಂಡರೆ ದಿನಕ್ಕೆ 160. ಮನೆಯ ಸಿಲಿಂಡರಿನ ಬದಲು ವಾಣಿಜ್ಯ ಸಿಲಿಂಡರ್ ತಗೊಂಡರೆ ಮೇಲೆ 75. ಕರೆಂಟು, ನೀರು 40. ಅತ್ತೆಯ ಮೂರು ಗಂಟೆಗೆ ಗಂಟೆಗೆ 70ರಂತೆ 210. ಮುರಿದ, ಸುಟ್ಟ, ವಾಪಸ್ ಬಂದ ರೊಟ್ಟಿ, ಸವೆದ ಹೆಂಚು, ಇದಕ್ಕೆ 100. ಇವೆಲ್ಲ ಸೇರಿ 585. ಸಾವಿರದಲ್ಲಿ ಉಳಿದದ್ದು 415. ಎಸರು ಇಡುವುದರಿಂದ ಹಿಡಿದು ಪಾತ್ರೆ ತೊಳೆದು ಆರ್ಡರ್ ಬರೆದುಕೊಳ್ಳುವವರೆಗೆ, ರೊಟ್ಟಿ ಮಾಡುವ ಹೆಂಗಸಿನ ಎಂಟು ಗಂಟೆಗೆ ಇದು ಕೂಲಿ. ಗಂಟೆಗೆ 52 ರೂಪಾಯಿ.

ಆಕೆ ತನಗೆ ಗಂಟೆಗೆ ನೂರು ರೂಪಾಯಿ ಹಾಕಿಕೊಳ್ಳಬೇಕಾದರೆ ದಿನಕ್ಕೆ ಇನ್ನೂ 385 ಬೇಕು. 200 ರೊಟ್ಟಿಗೆ ಹಂಚಿದರೆ ಹೆಚ್ಚುಕಮ್ಮಿ ಎರಡು ರೂಪಾಯಿ. ರೊಟ್ಟಿಯ ಸರಿಯಾದ ಬೆಲೆ 12. ಅಂದರೆ ಶುರುವಿನಲ್ಲೇ ಇಳಿಸಿ ಕೊಟ್ಟ ಎರಡು ರೂಪಾಯಿ ಬಾಡಿಗೆಯದಲ್ಲ. ಅದು ಆಕೆಯದೇ ಕೂಲಿ.

ಕೆಲವರು ಕೇಳಬಹುದು: ಕೋಣೆ ಹೇಗೂ ಇದೆ, ಅತ್ತೆಗೆ ಯಾರೂ ಕೂಲಿ ಕೊಡುವುದಿಲ್ಲ, ಸುಮ್ನೆ ಯಾಕೆ ಇಲ್ಲದ ಖರ್ಚು ಬರೆಯಬೇಕು? ಅವತ್ತಿನ ಮಟ್ಟಿಗೆ ಈ ಮಾತು ಸರಿ. ತೊಂದರೆ ಬರುವುದು ಎರಡನೇ ಹೆಜ್ಜೆಯಲ್ಲಿ. ಊರಿನ ದಿನಸಿ ಅಂಗಡಿಯವರು "ನಮ್ಮಲ್ಲೂ ಇಡಿ, ಮಾರಿಕೊಡ್ತೀವಿ" ಅನ್ನುತ್ತಾರೆ. ನೂರಕ್ಕೆ 20 ರೂಪಾಯಿ ಮಾರ್ಜಿನ್ ಕೇಳುತ್ತಾರೆ. ಹತ್ತು ರೂಪಾಯಿ ರೊಟ್ಟಿಯಲ್ಲಿ ಎರಡು ರೂಪಾಯಿ ಹೋಯಿತು, ದಿನಕ್ಕೆ 400. ಉಳಿದ 415ರಲ್ಲಿ ಇನ್ನೇನಿದೆ? ಅತ್ತೆಗೆ ಮೊಣಕಾಲು ನೋವು ಬಂದು ಸಂಬಳದ ಸಹಾಯಕಿಯನ್ನು ಇಟ್ಟುಕೊಂಡರೆ ಅದು ಕೈಯಿಂದ ಕೊಡುವ ದುಡ್ಡು. ಆರ್ಡರ್ ಜಾಸ್ತಿಯಾಗಿ ಹೊರಗೆ ಕೋಣೆ ಹಿಡಿದರೆ ಬಾಡಿಗೆಯೂ ನಿಜವಾದ ಬಾಡಿಗೆ. ಆಗ ಬೆಲೆ ಏರಿಸೋಣ ಅಂದರೆ ಗಿರಾಕಿ ಒಪ್ಪುವುದಿಲ್ಲ, "ನೀವು ಮನೆಯಲ್ಲೇ ಮಾಡೋದಲ್ವಾ, ಯಾಕೆ ಇಷ್ಟು?" ಅನ್ನುತ್ತಾರೆ. ಮೊದಲ ದಿನ ಹೇಳಿದ ಬೆಲೆಯೇ ವ್ಯಾಪಾರವನ್ನು ಮನೆಯೊಳಗೆ ಹಿಡಿದಿಡುತ್ತದೆ. ಪಕ್ಕದ ಓಣಿಯವರು ಅದಕ್ಕಿಂತ ಒಂದು ರೂಪಾಯಿ ಇಳಿಸಿದರೆ ಇಬ್ಬರೂ ಸೇರಿ ತಮ್ಮ ಕೂಲಿಯನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ.

ಈ ಕೂಲಿ ಯಾರದ್ದು ಅನ್ನುವುದೂ ಮುಖ್ಯ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮನೆ ವ್ಯಾಪಾರ ಶುರುವಾದ ಮಾತ್ರಕ್ಕೆ ಈ 289 ನಿಮಿಷ ತಾನಾಗಿ ಇಳಿಯುವುದಿಲ್ಲ. ಅದರ ಮೇಲೆ ಎಂಟು ಗಂಟೆ ಕೂಡಿಕೊಳ್ಳುತ್ತದೆ. ಅಂಗಡಿಗೆ ಹೋಗುವವರಿಗೆ ಬಾಗಿಲು ಹಾಕುವ ಹೊತ್ತು ಅಂತ ಒಂದಿದೆ. ಮನೆಯಲ್ಲಿ ರಾತ್ರಿ ಹತ್ತಕ್ಕೂ "ನಾಳೆ ಬೆಳಿಗ್ಗೆ 50 ರೊಟ್ಟಿ ಆಗುತ್ತಾ?" ಅಂತ ಮೆಸೇಜ್ ಬರುತ್ತದೆ. ಮನೆಯಲ್ಲೇ ಇರುವವರು ಬಿಡುವಾಗಿದ್ದಾರೆ ಅಂತ ನೆಂಟರೂ ತಿಳಿಯುತ್ತಾರೆ, ಗಿರಾಕಿಯೂ ತಿಳಿಯುತ್ತಾರೆ.

ಮನೆಯ ಕೆಲಸವನ್ನು ಮನೆಯಲ್ಲೇ ಇಟ್ಟು, ವ್ಯಾಪಾರವನ್ನು ಮಾತ್ರ ಹೊರಗೆ ಬೆಳೆಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1959ರಲ್ಲಿ ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರು ಮಾಡಿದ ಲಿಜ್ಜತ್ ಹಪ್ಪಳ. ಅಲ್ಲಿ ಹಿಟ್ಟು ಕಲಸುವುದು ಕೇಂದ್ರದಲ್ಲಿ. ಸದಸ್ಯೆಯರು ಹಿಟ್ಟು ಮನೆಗೆ ಒಯ್ದು ಒತ್ತಿ, ಒಣಗಿಸಿ, ಮರುದಿನ ತಂದು ತೂಕ ಹಾಕಿ ಕೂಲಿ ಪಡೆಯುತ್ತಾರೆ. ರುಚಿ, ಅಳತೆ, ಪ್ಯಾಕಿಂಗ್, ಮಾರಾಟ ಎಲ್ಲ ಸಂಸ್ಥೆಯದು. ಮನೆಯಲ್ಲಿ ಉಳಿದದ್ದು ಕೈಕೆಲಸ ಮಾತ್ರ, ಆ ಕೈಕೆಲಸಕ್ಕೂ ದರ ಗೊತ್ತುಮಾಡಿದ್ದಾರೆ. ಹಾಗಾಗಿ ಬೆಲೆಯೊಳಗೆ ಕೂಲಿ ಮೊದಲೇ ಸೇರಿದೆ. ಕಲಬುರಗಿಯಲ್ಲಿ ಜಿಲ್ಲಾಡಳಿತ ಮಹಿಳಾ ಸ್ವಸಹಾಯ ಸಂಘಗಳನ್ನು ಸೇರಿಸಿ 'ಕಲಬುರಗಿ ರೊಟ್ಟಿ' ಅನ್ನುವ ಬ್ರಾಂಡ್ ಮಾಡಿದ್ದನ್ನು ನಾನು ಇದೇ ಕಾರಣಕ್ಕೆ ಮುಖ್ಯ ಅಂತ ನೋಡುತ್ತೇನೆ. 2025ರ ಜೂನ್‌ನಲ್ಲಿ ಪ್ರಧಾನಿ ತಮ್ಮ 'ಮನದ ಮಾತು' ಕಾರ್ಯಕ್ರಮದಲ್ಲಿ ಅದನ್ನು ಹೆಸರಿಸಿದರು. ಒಬ್ಬೊಬ್ಬರೇ ಬೆಲೆ ಇಳಿಸಿಕೊಂಡು ಮಾರುವುದಕ್ಕೂ, ಹತ್ತು ಸಂಘ ಒಂದೇ ಹೆಸರಿನಲ್ಲಿ ಒಂದೇ ದರಕ್ಕೆ ಮಾರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಜಿಎಸ್‌ಟಿ ಭಯ, ಮತ್ತು ಒಂದು ಚಟ್ನಿ ಪ್ಯಾಕೆಟ್

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. 2021-22ರಿಂದ ಹಿಡಿದು ನಾಲ್ಕು ವರ್ಷದ ಲೆಕ್ಕ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ಕ್ಯಾಶ್ ಮಾತ್ರ' ಬೋರ್ಡ್ ಬಂತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ವಸ್ತು ಮಾರುವವರಿಂದ ವಸೂಲಿ ಮಾಡುವುದಿಲ್ಲ ಅಂದರು.

ಆ ದಿನಗಳಲ್ಲಿ ತೆರಿಗೆಯ ಗೆರೆಯ ಹತ್ತಿರಕ್ಕೂ ಬಾರದ ಮನೆ ವ್ಯಾಪಾರಿಗಳೂ ಹೆದರಿದರು. ಗೆರೆ ಎಲ್ಲಿದೆ ಅಂತ ತಿಳಿದುಕೊಂಡರೆ ಭಯ ಅರ್ಧ ಇಳಿಯುತ್ತದೆ. ವರ್ಷದ ವಹಿವಾಟು ಬರೀ ವಸ್ತು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಮೇಲಿನ ರೊಟ್ಟಿ ಲೆಕ್ಕದಲ್ಲಿ ವರ್ಷದ ವಹಿವಾಟು 6 ಲಕ್ಷ. 40 ಲಕ್ಷ ಮುಟ್ಟಬೇಕಾದರೆ ವರ್ಷಕ್ಕೆ 300 ದಿನ, ದಿನಕ್ಕೆ 1,300ಕ್ಕೂ ಜಾಸ್ತಿ ರೊಟ್ಟಿ ಮಾರಬೇಕು. ಅಷ್ಟು ಮಾರಿದರೂ, 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ವಸ್ತುವನ್ನೇ ಮಾರುವವರಿಗೆ ನೋಂದಣಿಯೂ ಬೇಕಿಲ್ಲ.

ಕಷ್ಟ ಇರುವುದು ಯಾರೂ ನಿರೀಕ್ಷಿಸದ ಜಾಗದಲ್ಲಿ. ಪುಣೆಯಲ್ಲಿರುವ ಧಾರವಾಡದ ಕುಟುಂಬವೊಂದು ರೊಟ್ಟಿ ತರಿಸಿಕೊಳ್ಳುತ್ತದೆ ಅಂದುಕೊಳ್ಳಿ. ರೊಟ್ಟಿ ಕೊರಿಯರ್ ಮಾಡಿದರೆ ಏನೂ ಇಲ್ಲ. "ಹಂಗೇ ಒಂದು ಕಿಲೋ ಶೇಂಗಾ ಚಟ್ನಿಪುಡಿನೂ ಹಾಕ್ರಿ" ಅಂದರು, ಹಾಕಿದರು. ಚಟ್ನಿಪುಡಿಗೆ 5 ಪರ್ಸೆಂಟ್ ಜಿಎಸ್‌ಟಿ ಇದೆ. ತೆರಿಗೆ ಇರುವ ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಕಡಿಮೆ ಇದ್ದರೂ ನೋಂದಣಿ ಮಾಡಿಸಲೇಬೇಕು ಅನ್ನುತ್ತದೆ ಕಾನೂನು. 40 ಲಕ್ಷದ ರಿಯಾಯಿತಿ ರಾಜ್ಯದ ಗಡಿಯೊಳಗೆ ಮಾತ್ರ. ಕರಕುಶಲ ವಸ್ತುಗಳಿಗೆ ಇದರಲ್ಲಿ ವಿನಾಯಿತಿ ಇದೆ, ತಿಂಡಿಗೆ ಇಲ್ಲ. ಒಂದು ಪರ್ಸೆಂಟ್ ತೆರಿಗೆ ಕಟ್ಟಿ ನಿರಾಳವಾಗಿರಬಹುದಾದ ಕಾಂಪೊಸಿಷನ್ ಯೋಜನೆಯೂ ಹೊರರಾಜ್ಯಕ್ಕೆ ವಸ್ತು ಮಾರುವವರಿಗೆ ಸಿಗುವುದಿಲ್ಲ. ಹುಬ್ಬಳ್ಳಿಯಿಂದ ಬೀದರ್‌ಗೆ ಕಳಿಸಿದರೆ ನೋಂದಣಿ ಬೇಡ, ಅದಕ್ಕಿಂತ ಹತ್ತಿರ ಇರುವ ಕೊಲ್ಹಾಪುರಕ್ಕೆ ಕಳಿಸಿದರೆ ಬೇಕು.

ಇನ್ನೊಂದು ವಿಷಯ ಹಲವರಿಗೆ ತಿಳಿದಿರುವುದಿಲ್ಲ. 40 ಲಕ್ಷ ಎಣಿಸುವಾಗ ತೆರಿಗೆ ಇಲ್ಲದ ರೊಟ್ಟಿಯ ಮಾರಾಟವೂ ಲೆಕ್ಕಕ್ಕೆ ಬರುತ್ತದೆ. 38 ಲಕ್ಷದ ರೊಟ್ಟಿ, ಮೂರು ಲಕ್ಷದ ಚಟ್ನಿ, ಹೋಳಿಗೆ ಮಾರಿದರೆ ಗೆರೆ ದಾಟಿದ ಹಾಗೆ. ಮದುವೆ ಮನೆಗೆ ಅಡುಗೆ ಮಾಡಿ ಬಡಿಸುವ ಕೆಲಸ ಹಿಡಿದರೆ ಅದು ಸೇವೆ, ಆಗ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಬಟ್ಟೆ ಹೊಲಿದು ಕೊಡುವವರದ್ದೂ ಸೇವೆಯೇ.

ನೋಂದಣಿ ಮಾಡಿಸಿದರೆ ಆಯಿತು, ಅದರಲ್ಲೇನು ಅಂತ ಅಂಗಡಿಯವರು ಕೇಳಬಹುದು. ಮನೆಯ ಹೆಂಗಸಿಗೆ ಅದು ಅಷ್ಟು ಸುಲಭದ ಮಾತಲ್ಲ. ನೋಂದಣಿ ಆದರೆ ಜಿಎಸ್‌ಟಿ ರಿಟರ್ನ್ಸ್, ಅಂದರೆ ಮಾರಾಟದ ಲೆಕ್ಕ, ಸಲ್ಲಿಸಬೇಕು. ಈಗ ಗೃಹಲಕ್ಷ್ಮಿ ಯೋಜನೆಯ ನಿಯಮ ನೋಡಿ. ಆಕೆಯಾಗಲಿ, ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ತಿಂಗಳ 2,000 ರೂಪಾಯಿ ಇಲ್ಲ. ವರ್ಷಕ್ಕೆ 24,000. ಹತ್ತು ಕಿಲೋ ಚಟ್ನಿ ಹೊರರಾಜ್ಯಕ್ಕೆ ಮಾರಿ ಬರುವ ಲಾಭ ಎಷ್ಟು? ಕಾನೂನು ಪಾಲಿಸಿದ ತಕ್ಷಣ ಮನೆಯ ಖಚಿತ ಆದಾಯ ನಿಲ್ಲುತ್ತದೆ ಅಂದರೆ ಯಾರು ಮುಂದೆ ಬರುತ್ತಾರೆ? ಒಂದೋ ಚಟ್ನಿ ಕಳಿಸುವುದನ್ನು ಬಿಡುತ್ತಾರೆ, ಇಲ್ಲ ಯಾರಿಗೂ ಹೇಳದೆ ಕಳಿಸುತ್ತಾರೆ. ಎರಡರಲ್ಲಿ ಯಾವುದು ಮಾಡಿದರೂ ವ್ಯಾಪಾರ ಬೆಳೆಯುವುದಿಲ್ಲ. ಬಡವರಲ್ಲದವರನ್ನು ಹೊರಗಿಡಲು ಬರೆದ ಷರತ್ತು ಇಲ್ಲಿ ದುಡಿಯಲು ಹೊರಟವರನ್ನೇ ತಡೆಯುತ್ತಿದೆ.

ಯುಪಿಐ ಬಿಟ್ಟು ಕ್ಯಾಶ್‌ಗೆ ಹೋಗುವುದು ಇದಕ್ಕೆ ಮದ್ದಲ್ಲ. ಮನೆ ವ್ಯಾಪಾರಕ್ಕೆ ಅಂಗಡಿಯ ಬೋರ್ಡಿಲ್ಲ, ಆಡಿಟ್ ಆದ ಪುಸ್ತಕ ಇಲ್ಲ. "ನಾನು ದುಡಿಯುತ್ತಿದ್ದೇನೆ" ಅಂತ ಬ್ಯಾಂಕಿಗೆ ತೋರಿಸಲು ಇರುವುದು ಖಾತೆಯ ಸ್ಟೇಟ್‌ಮೆಂಟ್ ಒಂದೇ. ಮುದ್ರಾ ಸಾಲವಾಗಲಿ, ಕಿರು ಆಹಾರ ಉದ್ಯಮಗಳಿಗೆ ಕೇಂದ್ರ 2020ರಲ್ಲಿ ತಂದ 35 ಪರ್ಸೆಂಟ್ ಸಬ್ಸಿಡಿ ಯೋಜನೆಯಾಗಲಿ, ಕೊನೆಗೆ ನಿರ್ಧಾರ ಬ್ಯಾಂಕಿನದು. ಆ ಸಬ್ಸಿಡಿಗೆ ನಮ್ಮ ರಾಜ್ಯ ತನ್ನ ಕಡೆಯಿಂದ ಇನ್ನೂ 15 ಪರ್ಸೆಂಟ್ ಸೇರಿಸಿತ್ತು. ರೊಟ್ಟಿ ಯಂತ್ರ ತಗೊಳ್ಳಬೇಕು ಅನ್ನುವವರು ಈ ಯೋಜನೆ ಈಗಲೂ ಸಿಗುತ್ತದಾ ಅಂತ ಖಂಡಿತ ವಿಚಾರಿಸಬೇಕು. ಆದಾಯ ತೆರಿಗೆಯಲ್ಲೂ ಸಣ್ಣ ವ್ಯಾಪಾರದ ಅಂದಾಜು ಲಾಭವನ್ನು ಕ್ಯಾಶ್ ವಹಿವಾಟಿಗೆ 8 ಪರ್ಸೆಂಟ್ ಅಂತ ಹಿಡಿದರೆ, ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಹಿಡಿಯುತ್ತಾರೆ. ಮಾಡಬೇಕಾದದ್ದು ಇಷ್ಟೇ: ವ್ಯಾಪಾರಕ್ಕೆ ಬೇರೆ ಖಾತೆ, ಬೇರೆ ಕ್ಯೂಆರ್ ಕೋಡ್. ತಂಗಿ ಕಳಿಸಿದ ಕೈಗಡ, ಚೀಟಿ ದುಡ್ಡು, ಗಂಡನ ಸಂಬಳ ಎಲ್ಲ ಒಂದೇ ಖಾತೆಗೆ ಬಂದರೆ ಹೊರಗಿನವರ ಕಣ್ಣಿಗೆ ಅದೆಲ್ಲ ಮಾರಾಟವೇ.

ಸಣ್ಣ ವ್ಯಾಪಾರದವರು ಕೇಂದ್ರ ಸರ್ಕಾರದ ಬಳಿ ಹೆಸರು ಬರೆಸುವ 'ಉದ್ಯಮ' ನೋಂದಣಿಯ ಬಗ್ಗೆ ಒಂದೇ ಮಾತು. 2020ರ ಜುಲೈಯಿಂದ ಅದು ಆನ್‌ಲೈನ್‌ನಲ್ಲಿದೆ, ಉಚಿತ, ಆಧಾರ್, ಪ್ಯಾನ್ ಇದ್ದರೆ ಸಾಕು. ಸಾವಿರ ರೂಪಾಯಿ ಕೇಳುವ ಏಜೆಂಟರಿಗೆ ಕೊಡಬೇಡಿ.

ಮೀಟರು, ಸಿಲಿಂಡರು, ವಿಳಾಸ

ಸರ್ಕಾರದ ನಿಯಮಗಳು ಮನೆಯನ್ನು ವಾಸದ ಜಾಗ ಅಂತ ನೋಡುತ್ತವೆ, ಅಂಗಡಿಯನ್ನು ವ್ಯಾಪಾರದ ಜಾಗ ಅಂತ ನೋಡುತ್ತವೆ. ಎರಡೂ ಒಂದೇ ಗೋಡೆಯೊಳಗೆ ಇದ್ದರೆ ಏನು ಅನ್ನುವುದಕ್ಕೆ ಹೆಚ್ಚಿನ ಕಡೆ ಸರಿಯಾದ ಉತ್ತರ ಇಲ್ಲ.

ಮನೆ ಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ವ್ಯಾಪಾರಕ್ಕೆ 19 ಕಿಲೋದ್ದೇ ಬೇರೆ. ಒಂದೇ ಒಲೆಯ ಮೇಲೆ ಬೆಳಿಗ್ಗೆ ಮಕ್ಕಳಿಗೆ ಉಪ್ಪಿಟ್ಟು, ಆಮೇಲೆ ಗಿರಾಕಿಗೆ ರೊಟ್ಟಿ ಆಗುವ ಮನೆಯಲ್ಲಿ ಈ ಗೆರೆ ಎಲ್ಲಿ ಎಳೆಯುವುದು? ಕರೆಂಟಿನ ಕಥೆ ಇನ್ನೂ ಗಂಭೀರ. ಗೃಹಜ್ಯೋತಿಯ ಉಚಿತ ವಿದ್ಯುತ್ ಮನೆ ಬಳಕೆಗೆ ಮಾತ್ರ. ಮನೆಯ ಮೀಟರಿನಲ್ಲಿ ರೊಟ್ಟಿ ಯಂತ್ರವನ್ನೋ ದೊಡ್ಡ ಓವನ್ನನ್ನೋ ಓಡಿಸುತ್ತಿದ್ದು ತಪಾಸಣೆಗೆ ಸಿಕ್ಕರೆ, 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಸರಿಯಾದ ದರದ ಎರಡರಷ್ಟು ಲೆಕ್ಕ ಹಾಕಬಹುದು. ಯಾವಾಗಿನಿಂದ ಅಂತ ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ. ಆರು ಲಕ್ಷದ ವ್ಯಾಪಾರಕ್ಕೆ ಇದು ತಡೆಯಲಾಗದ ಪೆಟ್ಟು. ಕೈಯಲ್ಲಿ ಬಡಿಯುವವರೆಗೆ ತೊಂದರೆ ಇಲ್ಲ, ಯಂತ್ರ ತರುವ ದಿನವೇ ಬೇರೆ ಮೀಟರಿಗೆ ಅರ್ಜಿ ಹಾಕುವುದು ಒಳ್ಳೆಯದು. ನೇಕಾರರ ವಿಷಯದಲ್ಲಿ ಸರ್ಕಾರ ಇದಕ್ಕೆ ದಾರಿ ಹುಡುಕಿದೆ. ಮನೆಯಲ್ಲಿ ಮಗ್ಗ ಇರುವುದನ್ನು ಒಪ್ಪಿಕೊಂಡು, 10 ಎಚ್‌ಪಿವರೆಗಿನ ಪವರ್‌ಲೂಮ್‌ಗಳಿಗೆ 2023ರಲ್ಲಿ ಉಚಿತ ವಿದ್ಯುತ್ ಘೋಷಿಸಿತು. ಮಗ್ಗಕ್ಕೆ ಆಗುವುದಾದರೆ ಅಡುಗೆಯ ಕಿರು ಉದ್ಯಮಕ್ಕೆ ಒಂದು ರಿಯಾಯಿತಿ ದರವಾದರೂ ಯಾಕೆ ಆಗಬಾರದು?

ವಿಳಾಸದ ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಆಹಾರ ಸುರಕ್ಷತಾ ಕಾನೂನು ಮನೆಯಲ್ಲಿ ಮಾಡಿ ಮಾರುವವರಿಗೂ ಅನ್ವಯ ಆಗುತ್ತದೆ. 2011ರ ನಿಯಮಗಳಲ್ಲಿ ವರ್ಷಕ್ಕೆ 12 ಲಕ್ಷದೊಳಗಿನವರಿಗೆ ವರ್ಷಕ್ಕೆ 100 ರೂಪಾಯಿಯ ನೋಂದಣಿ ಸಾಕು ಅಂತ ಬರೆದಿದ್ದರು. ಅದು ದೊಡ್ಡ ಹೊರೆಯಲ್ಲ, ಎಲ್ಲರೂ ಮಾಡಿಸಲೇಬೇಕಾದದ್ದು. ಆದರೆ ಪ್ಯಾಕೆಟ್ಟಿನ ಲೇಬಲ್ ಮೇಲೆ ತಯಾರಿಸಿದವರ ಹೆಸರು, ಪೂರ್ತಿ ವಿಳಾಸ, ಗ್ರಾಹಕರು ಕರೆ ಮಾಡಲು ನಂಬರ್ ಎಲ್ಲ ಇರಬೇಕು. ಕಾರ್ಖಾನೆಗೆ ಇದು ಸಹಜ. ಮನೆಯಲ್ಲಿ ಮಾಡುವವರಿಗೆ ವಿಳಾಸ ಅಂದರೆ ಮಲಗುವ ಮನೆಯ ವಿಳಾಸ. ಗಂಡ ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು ಮಕ್ಕಳ ಜೊತೆ ಒಬ್ಬರೇ ಇರುವ ಹೆಂಗಸು ತನ್ನ ಹೆಸರು, ಮನೆ ನಂಬರ್, ಮೊಬೈಲ್ ನಂಬರನ್ನು ದಿನಕ್ಕೆ ಇಪ್ಪತ್ತು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಿಸಿ ಅಪರಿಚಿತರಿಗೆ ಕಳಿಸಬೇಕು. ಇದನ್ನು ಯೋಚಿಸಿಯೇ ಎಷ್ಟೋ ಜನ ಲೇಬಲ್ ಹಾಕದೆ ಪರಿಚಯದವರಿಗೆ ಮಾತ್ರ ಮಾರುತ್ತಾರೆ. ಗ್ರಾಹಕರ ಸುರಕ್ಷತೆಗೆ ವಿಳಾಸ ಬೇಕು, ಒಪ್ಪುತ್ತೇನೆ. ಅದು ಅಧಿಕಾರಿಯ ಬಳಿ ಇದ್ದರೆ ಸಾಲದೇ? ನೋಂದಣಿ ಸಂಖ್ಯೆ ಪ್ಯಾಕೆಟ್ಟಿನ ಮೇಲೆ ಹೇಗೂ ಇದೆ. ದೂರು ಬಂದರೆ ಆ ಸಂಖ್ಯೆ ಹಿಡಿದು ಇಲಾಖೆ ಮನೆ ಹುಡುಕಬಹುದು. ಸದ್ಯಕ್ಕೆ ಇರುವ ದಾರಿ ಅಂದರೆ ಸ್ವಸಹಾಯ ಸಂಘದ ಒಕ್ಕೂಟದ ಹೆಸರಿನಲ್ಲಿ, ಅದರದೇ ಜಾಗದಲ್ಲಿ ಪ್ಯಾಕ್ ಮಾಡಿ ಮಾರುವುದು. ಆಗ ಲೇಬಲ್ ಮೇಲೆ ಒಕ್ಕೂಟದ ವಿಳಾಸ ಬರುತ್ತದೆ.

ಬಾಡಿಗೆ ಮನೆಯವರ ಪಾಡು ಇನ್ನೂ ಬಿಗಿ. ಕರಾರು ಪತ್ರದಲ್ಲಿ 'ವಾಸಕ್ಕೆ ಮಾತ್ರ' ಅಂತ ಬರೆದಿರುತ್ತದೆ. ಜಿಎಸ್‌ಟಿ ನೋಂದಣಿಗೆ ಹೋದರೆ ಕರೆಂಟ್ ಬಿಲ್, ಬಾಡಿಗೆ ಕರಾರು, ಮಾಲೀಕರ ಒಪ್ಪಿಗೆ ಪತ್ರ ಕೇಳುತ್ತಾರೆ. ಮಾಲೀಕರು ಆಸ್ತಿ ತೆರಿಗೆ ವಾಣಿಜ್ಯ ದರಕ್ಕೆ ಹೋಗಬಹುದು ಅಂತ ಹೆದರಿ ಸಹಿ ಹಾಕುವುದಿಲ್ಲ. ಒಲೆಯಿಂದ ಬೆಂಕಿ ಹತ್ತಿಕೊಂಡರೆ ಮನೆಯ ವಿಮೆಯಲ್ಲಿ ವ್ಯಾಪಾರದ ಸರಕಿಗೆ ದುಡ್ಡು ಬರುತ್ತದೆ ಅಂತ ನಂಬಿಕೊಳ್ಳುವಂತಿಲ್ಲ, ಪಾಲಿಸಿ ಮಾಡಿಸುವಾಗಲೇ ಹೇಳಿ ಬರೆಸಿರಬೇಕು.

ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವ ಕೆಲಸಗಳಲ್ಲಿ, ಅಂದರೆ ಡಿಸೈನ್, ಅಕೌಂಟ್ಸ್, ಅನುವಾದ, ಆನ್‌ಲೈನ್ ಪಾಠದಂಥವುಗಳಲ್ಲಿ, ಈ ತಾಪತ್ರಯ ಅಷ್ಟಿಲ್ಲ. ಹೊಗೆ ಇಲ್ಲ, ಲೇಬಲ್ ಇಲ್ಲ, ಸೇವೆಯಾದ್ದರಿಂದ 20 ಲಕ್ಷದೊಳಗೆ ಹೊರರಾಜ್ಯದ ಗಿರಾಕಿ ಇದ್ದರೂ ಜಿಎಸ್‌ಟಿ ಬೇಡ. ಆದರೆ ಬೆಲೆಯ ತಪ್ಪು ಅಲ್ಲೂ ಅದೇ. ಕಚೇರಿ ಇರುವವರು 30,000 ಕೇಳುವ ಕೆಲಸಕ್ಕೆ "ನಾನು ಮನೆಯಿಂದ ಮಾಡೋದು" ಅಂತ 12,000 ಹೇಳುತ್ತಾರೆ. ಗಿರಾಕಿ ಕೊಡುವುದು ಕೆಲಸಕ್ಕೆ, ಕುರ್ಚಿ ಎಲ್ಲಿದೆ ಅನ್ನುವುದಕ್ಕಲ್ಲ.

ಹಾಗಾದರೆ ಮನೆಯಿಂದ ವ್ಯಾಪಾರ ಮಾಡಬಾರದಾ? ಖಂಡಿತ ಮಾಡಬೇಕು. ಸಣ್ಣ ದುಡ್ಡಿನಲ್ಲಿ ಶುರು ಮಾಡಿ, ಓಡುತ್ತದೋ ಇಲ್ಲವೋ ನೋಡಿ, ನಷ್ಟವಾದರೆ ಹೆಚ್ಚು ನೋವಿಲ್ಲದೆ ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಂಗಡಿ ಹಿಡಿದು, ಅಡ್ವಾನ್ಸ್ ಕೊಟ್ಟು, ಆರು ತಿಂಗಳಲ್ಲಿ ಬಾಗಿಲು ಹಾಕಿ ಸಾಲದಲ್ಲಿ ಬಿದ್ದವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ಕೋಣೆಗೆ ಬಾಡಿಗೆ ಬರೆಯಿರಿ, ನಿಮ್ಮ ಗಂಟೆಗಳಿಗೆ ಕೂಲಿ ಬರೆಯಿರಿ, ಸಹಾಯ ಮಾಡಿದವರ ಹೆಸರಿನ ಮುಂದೆಯೂ ಬರೆಯಿರಿ. ಬೆಲೆ ಹೇಳುವಾಗ ಇದೆಲ್ಲ ಸೇರಿಸಿ ಹೇಳಿ. ಆ ಬಾಡಿಗೆಯ ದುಡ್ಡನ್ನು ತಿಂಗಳ ಕೊನೆಗೆ ಬೇರೆ ತೆಗೆದಿಟ್ಟರೆ, ವರ್ಷದಲ್ಲಿ 48,000. ಹೊರಗೆ ಕೋಣೆ ಹಿಡಿಯುವ ದಿನ ಅಡ್ವಾನ್ಸ್‌ಗೆ ಸಾಲ ಮಾಡಬೇಕಿಲ್ಲ. ಗಿರಾಕಿಗಳಲ್ಲಿ ಕೆಲವರು ಬಿಟ್ಟು ಹೋಗುತ್ತಾರೆ. 200ರ ಬದಲು 170 ರೊಟ್ಟಿ ಮಾರಿದರೂ, ಹಿಟ್ಟು, ಗ್ಯಾಸು, ಪ್ಯಾಕಿಂಗ್ ಖರ್ಚು ಇಳಿದು, 12 ರೂಪಾಯಿ ದರದಲ್ಲಿ ಕೈಗೆ ಉಳಿಯುವುದು ಮೊದಲಿಗಿಂತ ಜಾಸ್ತಿಯೇ.

ಸರ್ಕಾರದ ಕಡೆಯಿಂದ ಆಗಬೇಕಾದದ್ದು ಹೊಸ ಯೋಜನೆ ಅಲ್ಲ, ಇರುವ ನಿಯಮಗಳ ನಡುವಿನ ಗಂಟು ಬಿಡಿಸುವುದು. ಇಷ್ಟು ಚದರಡಿಯೊಳಗೆ, ಹೊರಗಿನ ಇಷ್ಟೇ ಕೆಲಸದವರನ್ನು ಇಟ್ಟುಕೊಂಡು, ನೆರೆಯವರಿಗೆ ಸದ್ದು ಹೊಗೆ ಆಗದಂತೆ ನಡೆಸುವ ವ್ಯಾಪಾರಕ್ಕೆ ಸ್ಥಳೀಯ ಸಂಸ್ಥೆ 'ಮನೆ ಉದ್ಯಮ' ಅಂತ ಒಂದು ವರ್ಗ ಮಾಡಿ, ಸ್ವಂತ ಘೋಷಣೆ ತಗೊಂಡು ಬಿಡಬೇಕು. ಆ ಘೋಷಣೆ ಇದ್ದರೆ ಮನೆಯ ಆಸ್ತಿ ತೆರಿಗೆ ಬದಲಾಗುವುದಿಲ್ಲ ಅಂತ ಬರೆದುಕೊಟ್ಟರೆ ಮಾಲೀಕರ ಭಯವೂ ಹೋಗುತ್ತದೆ. ಜಿಎಸ್‌ಟಿಯಲ್ಲಿ ಹೊರರಾಜ್ಯದ ಷರತ್ತನ್ನು ಸಣ್ಣ ತಿಂಡಿ ವ್ಯಾಪಾರಿಗಳಿಗೆ ಸಡಿಲಿಸುವುದು ಕೇಂದ್ರ ಮತ್ತು ರಾಜ್ಯಗಳು ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಕೂತು ಮಾಡಬೇಕಾದ ಕೆಲಸ. ಅದಕ್ಕೆ ಸಮಯ ಬೇಕು. ಗೃಹಲಕ್ಷ್ಮಿಯ ಷರತ್ತು ಹಾಗಲ್ಲ. ಅದು ಪೂರ್ತಿ ರಾಜ್ಯದ್ದೇ. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುತ್ತಾರೋ ಇಲ್ಲವೋ ಅಂತ ನೋಡುವ ಬದಲು ವರ್ಷದ ವಹಿವಾಟು ಎಷ್ಟು ಅಂತ ನೋಡಿ, 40 ಲಕ್ಷದೊಳಗಿನ ಮಹಿಳಾ ಉದ್ಯಮಿಗಳಿಗೆ ಹಣ ಮುಂದುವರಿಸಲು ಒಂದು ಸರ್ಕಾರಿ ಆದೇಶ ಸಾಕು.